ಗೋಡೆಗೆ ಬಣ್ಣ ಬಳಿದರೆ ಹುಡುಗರ ಜಗಳ ನಿಲ್ಲುತ್ತದೆಯೇ?

ಪ್ರಶ್ನೆ: ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿನ ಬಡಾವಣೆಯೊಂದರಲ್ಲಿ ನಾವು ಕೆಲವರು ಸೇರಿ ಸಂಜೆ ಓದುವ ಕೇಂದ್ರ ನಡೆಸುತ್ತಿದ್ದೇವೆ. 14ರಿಂದ 19 ವರ್ಷದ ಹುಡುಗರು, ಕೆಲವು ಹುಡುಗಿಯರು ಬರುತ್ತಾರೆ. ಅರ್ಧದಷ್ಟು ಮಂದಿ ಇಲ್ಲಿಯವರು. ಉಳಿದವರು ಒಡಿಶಾ, ಬಿಹಾರಗಳಿಂದ ಕುಟುಂಬದ ಜೊತೆಗೋ ಅಣ್ಣಂದಿರ ಜೊತೆಗೋ ಬಂದವರು. ಕೆಲವರು ಕಾರ್ಖಾನೆ ಕೆಲಸಕ್ಕೂ ಹೋಗುತ್ತಾರೆ. ಕಳೆದ ಗಣೇಶನ ಮೆರವಣಿಗೆಯಲ್ಲಿ ಯಾರ ಹಾಡು ಹಾಕಬೇಕು ಎಂಬ ಮಾತು ಹೊಡೆದಾಟಕ್ಕೆ ತಿರುಗಿತು. ಒಬ್ಬನ ತಲೆಗೆ ಹೊಲಿಗೆ ಬಿತ್ತು. ಇಬ್ಬರ ವಿಚಾರಣೆ ಬಾಲನ್ಯಾಯ ಮಂಡಳಿಯಲ್ಲಿ ನಡೆಯುತ್ತಿದೆ. ಅಂದಿನಿಂದ ಎರಡು ಗುಂಪುಗಳು ಒಂದೇ ಕೋಣೆಯಲ್ಲಿ ಕೂರುವುದಿಲ್ಲ. ದಾನಿಯೊಬ್ಬರು ‘ಏಕತೆಯ ಗೋಡೆ’ ಎಂದು ದೊಡ್ಡ ಚಿತ್ರ ಬರೆಸಲು ಹಣ ಕೊಡುತ್ತೇನೆ ಎಂದಿದ್ದಾರೆ. ಉದ್ಘಾಟನೆಯ ದಿನ ಇದೇ ಜಗಳವನ್ನು ಹುಡುಗರಿಂದಲೇ ನಾಟಕ ಆಡಿಸಿ ವಿಡಿಯೊ ಮಾಡಬೇಕು ಎಂಬುದು ಅವರ ಆಸೆ. ಕಲೆಯಿಂದ ಮನಸ್ಸು ತಿಳಿಯಾಗುತ್ತದೆ ಎಂದು ಅವರು ಹೇಳುತ್ತಾರೆ. ಕುಣಿಸಿದರೆ ಮಕ್ಕಳು ಇನ್ನಷ್ಟು ಕೆಡುತ್ತಾರೆ ಎಂದು ಮನೆಯವರು ಹೇಳುತ್ತಾರೆ. ಯಾರನ್ನು ನಂಬಬೇಕು? ಮಾಡುವುದಾದರೆ ಎಲ್ಲಿಂದ ಶುರು ಮಾಡಬೇಕು, ಯಾವ ಭಾಷೆಯಲ್ಲಿ ಮಾಡಬೇಕು?

ಉತ್ತರ: ಮೊದಲು ತುರ್ತಿನ ಮಾತು. ಆ ಹೊಡೆದಾಟವನ್ನೇ ನಾಟಕ ಮಾಡುವ ಯೋಜನೆಯನ್ನು ಕೈಬಿಡಿ. ವಿಡಿಯೊದ ಯೋಜನೆಯನ್ನು ಅದಕ್ಕಿಂತ ಮೊದಲು ಕೈಬಿಡಿ. ಬಾಲನ್ಯಾಯ ಕಾಯ್ದೆ, 2015ರ 74ನೇ ಕಲಮಿನ ಪ್ರಕಾರ, ಕಾನೂನಿನೊಡನೆ ಸಂಘರ್ಷಕ್ಕೆ ಸಿಲುಕಿದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಒಟ್ಟಿನಲ್ಲಿ ಗುರುತು ಹಿಡಿಯಲು ನೆರವಾಗುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಮೀರಿದವರಿಗೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಹೆಸರು ಹೇಳದೆ ಆಡಿಸುತ್ತೇವೆ ಎಂದರೂ ಪ್ರಯೋಜನವಿಲ್ಲ. ಬೀದಿಗೆಲ್ಲ ಗೊತ್ತಿರುವ ಜಗಳಕ್ಕೆ ಹೆಸರಿನ ಅಗತ್ಯವೇ ಇಲ್ಲ. ವೇದಿಕೆಯ ಮೇಲೆ ಒಬ್ಬ ಹುಡುಗ ಯಾರು ಮೊದಲು ಕೈ ಎತ್ತಿದರು ಎಂಬುದನ್ನು ಆಡಿ ತೋರಿಸಿ, ಅದು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿದರೆ ವಿಚಾರಣೆಯ ಮೇಲೆ ಅದರ ನೆರಳು ಬೀಳುತ್ತದೆ. ಹೊಲಿಗೆ ಹಾಕಿಸಿಕೊಂಡ ಹುಡುಗನ ಸ್ಥಿತಿಯನ್ನೂ ಯೋಚಿಸಿ. ಅವನು ತನ್ನ ಪೆಟ್ಟನ್ನು ಊರಿನ ಮುಂದೆ ಎರಡನೆಯ ಸಲ ತಿನ್ನಬೇಕು, ಅದೂ ಚಪ್ಪಾಳೆಗಾಗಿ.

ಇನ್ನು ನಿಮ್ಮ ಮೂಲ ಪ್ರಶ್ನೆಗೆ ಬರೋಣ. ದಾನಿಗಳ ಮಾತೂ ಮನೆಯವರ ಮಾತೂ ಅರ್ಧರ್ಧ ಸರಿ, ಆದ್ದರಿಂದಲೇ ಎರಡೂ ಅಪಾಯಕಾರಿ.

ಕಲೆ ತಾನಾಗಿಯೇ ಮನಸ್ಸನ್ನು ತಿಳಿಗೊಳಿಸುತ್ತದೆ ಎಂಬುದು ನಮ್ಮ ಕ್ಷೇತ್ರದಲ್ಲಿ ಬಹಳ ಪ್ರೀತಿಯಿಂದ ಸಾಕಿಕೊಂಡು ಬಂದ ನಂಬಿಕೆ. ಹುಡುಗರ ಕೈಗೆ ಕುಂಚ ಕೊಟ್ಟರೆ ಕಲ್ಲು ಕೆಳಗೆ ಬೀಳುತ್ತದೆ ಎಂದು ವರದಿಗಳಲ್ಲಿ ಬರೆಯುವುದು ಸುಲಭ. ಆದರೆ ನಿಮ್ಮ ಬಡಾವಣೆಯ ಜಗಳ ಹುಟ್ಟಿದ್ದೇ ಹಾಡಿನಿಂದ, ಕುಣಿತದಿಂದ, ವಾದ್ಯದ ಸದ್ದಿನ ನಡುವೆ. ಮೆರವಣಿಗೆಗಿಂತ ದೊಡ್ಡ ಸಾಮೂಹಿಕ ಕಲೆ ನಮ್ಮಲ್ಲಿ ಯಾವುದಿದೆ? ತಮಟೆ ಒಂದು ಗುಂಪನ್ನು ಒಗ್ಗೂಡಿಸುವಷ್ಟೇ ಸಲೀಸಾಗಿ ಇನ್ನೊಂದು ಗುಂಪಿನ ವಿರುದ್ಧ ನಿಲ್ಲಿಸುತ್ತದೆ. ಕಲೆಯಲ್ಲಿರುವುದು ಶಕ್ತಿ, ಶಾಂತಿ ಅದರೊಳಗೆ ಮೊದಲೇ ತುಂಬಿಟ್ಟ ಗುಣವಲ್ಲ.

ಮನೆಯವರ ಮಾತಿನ ಹಿಂದೆ ಬೇರೆ ಲೆಕ್ಕವಿದೆ. ಭಾನುವಾರ ಹೆಚ್ಚುವರಿ ಪಾಳಿಗೆ ಹೋದರೆ ಕೂಲಿ ಬರುತ್ತದೆ, ತಾಲೀಮಿಗೆ ಹೋದರೆ ಬರುವುದಿಲ್ಲ. ಮಗ ಮತ್ತೆ ಅದೇ ಹುಡುಗರ ಎದುರಿಗೆ ಹೋಗಿ ನಿಲ್ಲುತ್ತಾನೆ ಎಂಬ ಭಯವೂ ಇದೆ. ಕೆಡುತ್ತಾರೆ ಎಂಬ ಪದದಡಿ ಅವರು ಈ ಎರಡನ್ನೂ ಹೇಳುತ್ತಿದ್ದಾರೆ. ಅವರಿಗೆ ಕಲೆಯ ಮಹತ್ವದ ಕುರಿತು ಭಾಷಣ ಬೇಡ. ಎಷ್ಟು ಹೊತ್ತಿಗೆ ಬಿಡುತ್ತೀರಿ, ಯಾರು ಜೊತೆಗಿರುತ್ತಾರೆ, ಗಲಾಟೆಯಾದರೆ ಯಾರು ಹೊಣೆ ಎಂಬ ಮೂರಕ್ಕೆ ಉತ್ತರ ಕೊಡಿ. ಬಹುಪಾಲು ತಾಯಂದಿರು ಒಪ್ಪುತ್ತಾರೆ. ತಂದೆಯರು ತಡವಾಗಿ ಒಪ್ಪುತ್ತಾರೆ.

ಈ ವಯಸ್ಸಿನ ಜಗಳದ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು. ನಾನು ಬಡಾವಣೆಗಳಲ್ಲಿ, ಬಾಲಕರ ವಸತಿಗಳಲ್ಲಿ ನೋಡಿದ ಹೊಡೆದಾಟಗಳಲ್ಲಿ ಇಬ್ಬರೇ ಇದ್ದಾಗ ನಡೆದವು ಕಡಿಮೆ. ಸುತ್ತ ನೋಡುವವರಿದ್ದಾಗ ನಡೆದವೇ ಹೆಚ್ಚು. ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಮಾರ್ಗೊ ಗಾರ್ಡ್ನರ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹದಿಹರೆಯದವರನ್ನೂ ವಯಸ್ಕರನ್ನೂ ಕಾರು ಓಡಿಸುವ ವಿಡಿಯೊ ಆಟಕ್ಕೆ ಕೂರಿಸಿದರು. ಗೆಳೆಯರು ಪಕ್ಕದಲ್ಲಿ ನಿಂತು ನೋಡುತ್ತಿದ್ದಾಗ ಹದಿಹರೆಯದವರು ಒಂಟಿಯಾಗಿದ್ದಾಗಿನದಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಅಂದರೆ 16ರ ಹುಡುಗನಿಗೆ ಪ್ರೇಕ್ಷಕರಿರುವುದೇ ಒಂದು ಒತ್ತಡ. ಹಿಂದೆ ಸರಿದರೆ ಮಾನ ಹೋಗುತ್ತದೆ, ಮುಂದೆ ಹೋದರೆ ತಲೆ ಒಡೆಯುತ್ತದೆ. ಆ ವಯಸ್ಸಿಗೆ ತಲೆಗಿಂತ ಮಾನ ದೊಡ್ಡದು. ಹಾಗಾಗಿ ನಿಮ್ಮ ಹುಡುಗರು ಈಗಾಗಲೇ ಪ್ರದರ್ಶನ ಕಲಾವಿದರು. ಯಾರ ಮುಂದೆ ಆಡುತ್ತಾರೆ, ಏನನ್ನು ಆಡಿದರೆ ಮೆಚ್ಚುಗೆ ಸಿಗುತ್ತದೆ ಎಂಬುದನ್ನು ಬದಲಾಯಿಸುವುದಷ್ಟೇ ಕಲೆಯಿಂದ ನೀವು ಮಾಡಬಹುದಾದ ಕೆಲಸ. ಚಿಕ್ಕ ಕೆಲಸವಲ್ಲ ಅದು.

ಎರಡನೆಯ ಕಾರಣ ಇನ್ನೂ ಒರಟು. ಬಡಾವಣೆಯಲ್ಲಿ ಆಟದ ಬಯಲು ಒಂದೇ. ನೀರಿನ ಟ್ಯಾಂಕರ್ ಬರುವ ಹೊತ್ತು ಒಂದೇ. ಗುತ್ತಿಗೆದಾರ ಹೊರಗಿನವರನ್ನು ಕಡಿಮೆ ಕೂಲಿಗೆ ತರುತ್ತಾನೆ. ಇಲ್ಲಿಯ ಹುಡುಗನಿಗೆ ತನ್ನ ಕೆಲಸವನ್ನು ಕಿತ್ತುಕೊಂಡವನು ಪಕ್ಕದ ರೂಮಿನ ಒಡಿಯಾ ಹುಡುಗ ಎಂದು ಕಾಣುತ್ತದೆಯೇ ಹೊರತು ಗುತ್ತಿಗೆದಾರ ಕಾಣುವುದಿಲ್ಲ. ಸ್ಥಳೀಯರಿಗೆ ಉದ್ಯೋಗ ಎಂಬ ಬೇಡಿಕೆ ಸರೋಜಿನಿ ಮಹಿಷಿ ವರದಿಯ ಕಾಲದಿಂದ ಕರ್ನಾಟಕದಲ್ಲಿ ಜೀವಂತವಾಗಿದೆ, ಅದರ ಹಿಂದಿನ ನೋವು ಸುಳ್ಳಲ್ಲ. ನಿಮ್ಮ ಹುಡುಗರ ಅಸಮಾಧಾನವನ್ನು ಬರೀ ಪೂರ್ವಗ್ರಹ ಎಂದು ತಳ್ಳಿಹಾಕಿದರೆ ಅವರು ಮೊದಲ ದಿನವೇ ಎದ್ದು ಹೋಗುತ್ತಾರೆ. ಸ್ಥಳೀಯರು ಎಂದು ನೀವು ಬರೆದವರಲ್ಲಿ ಎಷ್ಟು ಮಂದಿಯ ಅಜ್ಜಂದಿರು ಮಾಗಡಿ, ಕುಣಿಗಲ್, ಪಾವಗಡದ ಕಡೆಯಿಂದ ಇದೇ ಕಾರ್ಖಾನೆಗಳಿಗೆ ಬಂದವರು, ಎಷ್ಟು ಮಂದಿಯ ಮನೆಯವರು ಯಾದಗಿರಿ, ರಾಯಚೂರಿನಿಂದ ಗುಳೆ ಬಂದವರು ಎಂದು ಒಮ್ಮೆ ವಿಚಾರಿಸಿ ನೋಡಿ. ಅದನ್ನು ವಾದದಲ್ಲಿ ಗೆಲ್ಲಲು ಬಳಸಬೇಡಿ, ಮುಂದೆ ನಾಟಕ ಕಟ್ಟುವಾಗ ಅದು ಬೇಕಾಗುತ್ತದೆ.

ಕಲೆ ಜಗಳ ನಿಲ್ಲಿಸಿತು ಎಂಬುದಕ್ಕೆ ಎಲ್ಲರೂ ಕೊಡುವ ಉದಾಹರಣೆ ನ್ಯೂಯಾರ್ಕಿನ ಬ್ರಾಂಕ್ಸ್. ಗ್ಯಾಂಗ್‌ಗಳು ಕತ್ತಿ ಬಿಟ್ಟು ಮೈಕ್ ಹಿಡಿದವು, ಹಿಪ್‌ಹಾಪ್ ಹುಟ್ಟಿತು ಎಂಬ ಕಥೆ. ಆದರೆ ನಡೆದ ಕ್ರಮವನ್ನು ನೋಡಿ. 1971ರ ಡಿಸೆಂಬರ್ 2ರಂದು ‘ಘೆಟ್ಟೊ ಬ್ರದರ್ಸ್’ ಎಂಬ ಗುಂಪಿನ ಶಾಂತಿದೂತ, ‘ಬ್ಲ್ಯಾಕ್ ಬೆಂಜಿ’ ಎಂದು ಹೆಸರಾಗಿದ್ದ ಕಾರ್ನೆಲ್ ಬೆಂಜಮಿನ್, ಜಗಳ ಬಿಡಿಸಲು ಹೋಗಿ ಕೊಲೆಯಾದ. ಸೇಡಿಗಾಗಿ ಊರು ಕಾಯುತ್ತಿತ್ತು. ಆ ಗುಂಪಿನ ನಾಯಕರು ಸೇಡು ಬೇಡವೆಂದರು. ಡಿಸೆಂಬರ್ 8ರಂದು ಹೋ ಅವೆನ್ಯೂದ ಬಾಲಕರ ಕ್ಲಬ್ಬಿನಲ್ಲಿ ಪೋರ್ಟೊರಿಕೊ ಮೂಲದ ಮತ್ತು ಕಪ್ಪು ಗ್ಯಾಂಗ್‌ಗಳು ಸೇರಿ ಒಪ್ಪಂದ ಮಾಡಿಕೊಂಡವು. ಒಬ್ಬರ ಬೀದಿಗೆ ಇನ್ನೊಬ್ಬರು ಕಾಲಿಡಬಹುದು ಎಂದಾದ ಮೇಲೆ ಬೀದಿ ಸಂಗೀತಕೂಟಗಳಿಗೆ ಎಲ್ಲ ಗುಂಪಿನವರೂ ಬರತೊಡಗಿದರು. 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ಸೆಡ್ಜ್‌ವಿಕ್ ಅವೆನ್ಯೂದ ಕಟ್ಟಡದಲ್ಲಿ ನಡೆಸಿದ, ಹಿಪ್‌ಹಾಪಿನ ಹುಟ್ಟು ಎಂದು ಹೇಳುವ ಸಂಗೀತಕೂಟ ಬಂದದ್ದು ಅದರ ನಂತರ. ಮೊದಲು ಮಾತುಕತೆ, ಆಮೇಲೆ ಸಂಗೀತ. ಘೆಟ್ಟೊ ಬ್ರದರ್ಸ್ ಸ್ವತಃ ವಾದ್ಯತಂಡ ಕಟ್ಟಿದ್ದವರು, ಆದರೂ ಅವರು ಕೊಲೆಯ ಮರುದಿನ ಗಿಟಾರ್ ಹಿಡಿದು ಹೋಗಲಿಲ್ಲ, ಎದುರಾಳಿಗಳ ಜೊತೆ ಕೂತು ಮಾತಾಡಿದರು.

ನೀವೂ ಅದನ್ನೇ ಮಾಡಬೇಕು. ಯಾವ ತಾಲೀಮಿಗೂ ಮೊದಲು ಎರಡೂ ಕಡೆಯ ಹಿರಿಯ ಹುಡುಗರನ್ನು ಬೇರೆ ಬೇರೆಯಾಗಿ ಕರೆದು, ಬಯಲು ಯಾರಿಗೆ ಯಾವ ಹೊತ್ತಿಗೆ, ಮುಂದಿನ ಮೆರವಣಿಗೆಯಲ್ಲಿ ಹಾಡಿನ ಪಟ್ಟಿ ಯಾರ ಕೈಯಲ್ಲಿ ಎಂಬಂಥ ಬರಿಗಣ್ಣಿಗೆ ಕಾಣುವ ವಿಷಯಗಳನ್ನು ಇತ್ಯರ್ಥ ಮಾಡಿ. ಗಣೇಶೋತ್ಸವ ಸಮಿತಿಯ ಹಿರಿಯರನ್ನೂ ಕೂರಿಸಿಕೊಳ್ಳಿ. ಪೆಟ್ಟು ತಿಂದವನ ಔಷಧದ ಖರ್ಚಿನ ಮಾತು ಬಾಕಿ ಇದ್ದರೆ ಅದನ್ನು ಮುಗಿಸಿ. ಇದು ಕಲೆಯಲ್ಲ, ಪಂಚಾಯಿತಿ. ಇದನ್ನು ಬಿಟ್ಟು ನೇರ ಕುಂಚಕ್ಕೆ ಹೋದ ಯೋಜನೆಗಳು ಹೇಗೆ ಮುಗಿಯುತ್ತವೆ ಎಂದು ನನಗೆ ಗೊತ್ತು: ಉದ್ಘಾಟನೆಯ ಮರುವಾರ ಗೋಡೆಯ ಮೇಲೆ ಒಂದು ಗುಂಪಿನ ಮುಖಗಳಿಗೆ ಮಸಿ.

ಎರಡು ಗುಂಪುಗಳನ್ನು ಒಟ್ಟಿಗೆ ಕೂರಿಸಿದರೆ ಸಾಕು, ಪರಿಚಯವಾದರೆ ದ್ವೇಷ ಹೋಗುತ್ತದೆ ಎಂಬ ಇನ್ನೊಂದು ನಂಬಿಕೆಯಿದೆ. 1954ರ ಬೇಸಿಗೆಯಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಮುಜಫರ್ ಶೆರಿಫ್ ಎಂಬ ವಿಜ್ಞಾನಿ 22 ಹುಡುಗರನ್ನು ಶಿಬಿರಕ್ಕೆ ಕರೆದೊಯ್ದು ಎರಡು ತಂಡ ಮಾಡಿ, ಸ್ಪರ್ಧೆ ಇಟ್ಟರು. ಹುಡುಗರು ಎದುರು ತಂಡದ ಬಾವುಟ ಸುಟ್ಟರು, ಕೋಣೆಗಳಿಗೆ ನುಗ್ಗಿದರು. ಆಮೇಲೆ ಒಟ್ಟಿಗೆ ಸಿನಿಮಾ ತೋರಿಸಿ, ಒಟ್ಟಿಗೆ ಊಟ ಹಾಕಿದರೆ ಊಟದ ಪದಾರ್ಥಗಳನ್ನೇ ಎಸೆದಾಡಿದರು. ಜಗಳ ಇಳಿದದ್ದು ಶಿಬಿರದ ನೀರು ನಿಂತು ಎರಡೂ ತಂಡ ಸೇರಿ ಕಾರಣ ಹುಡುಕಬೇಕಾದಾಗ, ಕೆಟ್ಟು ನಿಂತ ಲಾರಿಯನ್ನು ಎಲ್ಲರೂ ಸೇರಿ ಎಳೆಯಬೇಕಾದಾಗ. ಅದೇ ವರ್ಷ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ ಕೊಟ್ಟ ಸೂತ್ರವೂ ಇದರ ಹತ್ತಿರವೇ ಇದೆ: ಎರಡೂ ಗುಂಪಿಗೆ ಸಮಾನ ಸ್ಥಾನ, ಒಂದೇ ಗುರಿ, ಒಬ್ಬರಿಲ್ಲದೆ ಇನ್ನೊಬ್ಬರಿಗೆ ಆಗದ ಕೆಲಸ, ಮೇಲಿನವರ ಬೆಂಬಲ. ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ, ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಉತ್ತರ ಪ್ರದೇಶದಲ್ಲಿ ಬೇರೆ ಬೇರೆ ಜಾತಿಯ ಯುವಕರ ಕ್ರಿಕೆಟ್ ಪಂದ್ಯಾವಳಿ ನಡೆಸಿ ನೋಡಿದರು. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಾಯಿತು, ಎದುರಾಳಿಗಳಾಗಿ ಆಡಿದವರಲ್ಲಿ ಕಡಿಮೆಯಾಯಿತು.

ಇದನ್ನು ನಿಮ್ಮ ಕೇಂದ್ರಕ್ಕೆ ಅನ್ವಯಿಸಿದರೆ ಒಂದು ಸಂಗತಿ ನೇರವಾಗಿ ಹೊರಬೀಳುತ್ತದೆ. ‘ನಿಮ್ಮ ನಾಡಿನ ನೃತ್ಯ ನೀವು ಮಾಡಿ, ನಮ್ಮದು ನಾವು ಮಾಡುತ್ತೇವೆ’ ಎಂಬ ಮಾದರಿಯ ಸಾಂಸ್ಕೃತಿಕ ಸಂಜೆ ಬೇಡ. ಅದು ಹೊರನೋಟಕ್ಕೆ ವೈವಿಧ್ಯ, ಒಳಗೆ ಸ್ಪರ್ಧೆ. ಯಾರಿಗೆ ಹೆಚ್ಚು ಶಿಳ್ಳೆ ಬಿತ್ತು ಎಂದು ಹುಡುಗರು ಲೆಕ್ಕ ಇಡುತ್ತಾರೆ. ಇದೇ ಕಾರಣಕ್ಕೆ ರ‍್ಯಾಪ್ ಕದನವನ್ನೂ ಮೊದಲ ತಿಂಗಳುಗಳಲ್ಲಿ ಇಟ್ಟುಕೊಳ್ಳಬೇಡಿ. ಹುಡುಗರು ಅದನ್ನೇ ಕೇಳುತ್ತಾರೆ. ಎದುರಿನವನನ್ನು ಪ್ರಾಸದಲ್ಲಿ ಬೈಯುವುದು ಆ ಆಟದ ಜೀವ. ಪಳಗಿದವರ ನಡುವೆ ಅದು ಸೊಗಸು, ಹೊಲಿಗೆ ಇನ್ನೂ ಒಣಗದಿರುವಾಗ ಅಲ್ಲ.

ನನ್ನ ಸಲಹೆ, ತಾಳದಿಂದ ಶುರು ಮಾಡಿ. ಮೊದಲ ಐದಾರು ವಾರ ಮಾತೇ ಬೇಡ. ನೆಲ, ಬಕೆಟ್, ಡಬ್ಬ, ಕೈಚಪ್ಪಾಳೆ, ಆಮೇಲೆ ಚರ್ಮವಾದ್ಯ. ಒಬ್ಬ ಬಾರಿಸುವುದು ಇನ್ನೊಬ್ಬ ತಪ್ಪಿದರೆ ಕೆಡುವಂತೆ ಹೆಣೆದ ಲಯಗಳನ್ನು ಕಲಿಸಿ: ಎರಡೂ ಗುಂಪು ಬೆರೆತ ನಾಲ್ವರು ಒಂದು ಆವರ್ತವನ್ನು ತುಂಬಬೇಕು, ಯಾರೊಬ್ಬರ ಕೈಯಲ್ಲೂ ಪೂರ್ತಿ ಲಯ ಇರಬಾರದು. ಭಾಷೆ ಬಾರದವನ ಹಿಂಜರಿಕೆ ಇಲ್ಲಿ ಕಾಣುವುದಿಲ್ಲ. ದೇಹದಲ್ಲಿ ತುಂಬಿಕೊಂಡ ಉದ್ವೇಗಕ್ಕೂ ದಾರಿಯಾಗುತ್ತದೆ. ಹತ್ತು ನಿಮಿಷ ಸುಮ್ಮನೆ ಕೂರಲಾರದ ಹುಡುಗ ಮುಕ್ಕಾಲು ಗಂಟೆ ಬಾರಿಸುವುದನ್ನು ನೀವೇ ನೋಡುತ್ತೀರಿ.

ಒಂದು ಎಚ್ಚರಿಕೆ ಇದೆ. ತಮಟೆ ಬರೀ ವಾದ್ಯವಲ್ಲ, ಅದರ ಬೆನ್ನಿಗೆ ಜಾತಿ ಅಂಟಿಕೊಂಡಿದೆ. ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು, ಆದರೂ ಊರಿನಲ್ಲಿ ತಮಟೆ ಬಡಿಯುವ ಕೆಲಸ ಯಾರ ಪಾಲಿನದು ಎಂಬ ಲೆಕ್ಕ ಇನ್ನೂ ಅಳಿದಿಲ್ಲ. ನಿಮ್ಮ ಸ್ಥಳೀಯ ಗುಂಪಿನೊಳಗೇ ದಲಿತ ಹುಡುಗನೊಬ್ಬನಿದ್ದು, ‘ಇದು ನಿನ್ನದೇ ಅಲ್ಲವೇ, ನೀನು ಹಿಡಿ’ ಎಂದು ಬೇರೊಬ್ಬ ಅಂದರೆ ಒಂದು ಜಗಳ ಆರಿಸಲು ಹೋಗಿ ಇನ್ನೊಂದನ್ನು ಹೊತ್ತಿಸಿದಂತೆ. ನಿಯಮ ಸರಳ: ಎಲ್ಲರೂ ಎಲ್ಲ ವಾದ್ಯ ಹಿಡಿಯಬೇಕು, ಸರದಿ ಬದಲಾಗುತ್ತಿರಬೇಕು, ಕಲಿಸಲು ಬರುವ ಹಿರಿಯ ತಮಟೆ ಕಲಾವಿದರಿಗೆ ಗುರುವಿನ ಮರ್ಯಾದೆಯೂ ಗುರುವಿನ ಸಂಭಾವನೆಯೂ ಸಿಗಬೇಕು. ಬಿಹಾರ, ಒಡಿಶಾದ ಹುಡುಗರ ನಡುವೆಯೂ ಜಾತಿಯಿದೆ ಎಂಬುದನ್ನು ಮರೆಯಬೇಡಿ. ನಮಗೆ ಅವರೆಲ್ಲ ಒಂದೇ ಎಂದು ಕಾಣುವುದು ನಮ್ಮ ಅಜ್ಞಾನ.

ಸಮಾನ ಸ್ಥಾನ ಎಂಬುದು ಬಾಯಿಮಾತಿನಿಂದ ಬರುವುದಿಲ್ಲ. ಬಂದವರು ಸದಾ ಕಲಿಯುವವರು, ಇಲ್ಲಿಯವರು ಸದಾ ಕಲಿಸುವವರು ಎಂದಾದರೆ ಸ್ಥಾನ ಸಮಾನವಾಗದು. ಬಿಹಾರದ ಸಾರಣ್ ಜಿಲ್ಲೆಯ ಭಿಖಾರಿ ಠಾಕೂರ್ (1887–1971) ವೃತ್ತಿಯಿಂದ ಕ್ಷೌರಿಕ ಸಮುದಾಯದವರು. ದುಡಿಯಲು ಕಲ್ಕತ್ತೆಗೆ ಹೋದ ಗಂಡ, ಊರಲ್ಲಿ ಉಳಿದ ಹೆಂಡತಿಯ ಅಳಲನ್ನು ಭೋಜಪುರಿಯಲ್ಲಿ ಆಡಿ ಹಾಡಿ ಜನಸಾಮಾನ್ಯರ ನಾಟಕಕಾರರಾದವರು. ಭೋಜಪುರಿ ಮಾತನಾಡುವ ಹುಡುಗರಿಗೆ ಆ ಹಾಡುಗಳ ಒಂದೆರಡು ಸಾಲಾದರೂ ಬಾಯಿಗೆ ಬರುತ್ತವೆ. ಗುಳೆ ಹೋದವರ ನೆನಪು ನಮ್ಮ ರಾಯಚೂರು, ಯಾದಗಿರಿಯ ಮನೆಗಳಲ್ಲೂ ಇದೆ. ಎರಡನ್ನೂ ಒಂದೇ ತಾಳಕ್ಕೆ ಕೂರಿಸುವ ಕೆಲಸವನ್ನು ಹುಡುಗರಿಗೆ ಕೊಡಿ. ಯಾದಗಿರಿಯ ಹುಡುಗ ಸಾರಣ್ ಜಿಲ್ಲೆಯ ಛಪ್ರಾದವನಿಂದ ಉಚ್ಚಾರಣೆ ತಿದ್ದಿಸಿಕೊಳ್ಳುವ ಹೊತ್ತು ಹತ್ತು ಭಾಷಣಗಳಿಗೆ ಸಮ.

ಭಾಷೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ತಾಲೀಮಿನ ಭಾಷೆ ಕನ್ನಡವಾಗಿರಲಿ. ಹಿಂದಿ ಎಲ್ಲರಿಗೂ ಅರ್ಥವಾಗುತ್ತದೆ ಎಂಬ ಅನುಕೂಲಕ್ಕೆ ಜಾರಿದರೆ ಇಲ್ಲಿಯ ಹುಡುಗರು ತಮ್ಮ ಅಂಗಳದಲ್ಲೇ ತಾವು ಅತಿಥಿಗಳಾದೆವು ಎಂದುಕೊಳ್ಳುತ್ತಾರೆ, ಅವರ ಆ ಭಾವನೆ ತಪ್ಪಲ್ಲ. ಒಡಿಯಾ ಹುಡುಗನಿಗೂ ಹಿಂದಿ ಮನೆಮಾತಲ್ಲ ಎಂಬುದು ಬೇರೆ ಮಾತು. ಆದರೆ ಕನ್ನಡ ಬಂದವರಿಗೆ ಮಾತ್ರ ಪ್ರವೇಶ ಎಂಬ ಬಾಗಿಲು ಹಾಕಬೇಡಿ. ಕರ್ನಾಟಕಕ್ಕೆ ಬಂದ ಹುಡುಗ ಕನ್ನಡ ಕಲಿಯಲು ತಾಲೀಮಿಗಿಂತ ಒಳ್ಳೆಯ ಜಾಗವಿಲ್ಲ: ಪಾತ್ರದ ಮಾತು ಬಾಯಿಪಾಠವಾಗುತ್ತದೆ, ತಪ್ಪಿದರೆ ನಗು ಬರುತ್ತದೆ, ಮತ್ತೆ ಹೇಳುತ್ತಾನೆ. ಒಬ್ಬೊಬ್ಬ ಹೊಸಬನಿಗೆ ಒಬ್ಬ ಕನ್ನಡದ ಜೋಡಿ ಇರಲಿ. ಉಚ್ಚಾರಣೆಯನ್ನು ಅಣಕಿಸಿದವನು ಮುಂದಿನ ವಾರ ಭೋಜಪುರಿ ಅಥವಾ ಒಡಿಯಾದ ನಾಲ್ಕು ಸಾಲು ಕಲಿತು ಹೇಳಬೇಕು. ಶಿಕ್ಷೆಯೆಂದಲ್ಲ, ತಾಲೀಮಿನ ಕಟ್ಟಳೆ ಎಂದು. ಕಲಬುರಗಿ ಕಡೆಯ ಕನ್ನಡವನ್ನು ಅಣಕಿಸಿದರೂ ಇದೇ ಕಟ್ಟಳೆ. ಬೆಂಗಳೂರಿನಲ್ಲಿ ಆ ಹುಡುಗರು ತಿನ್ನುವ ಅವಮಾನ ಕಡಿಮೆಯೇನಲ್ಲ.

ನಾಟಕ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಮೂರನೆಯ ತಿಂಗಳಿಗೆ ಬನ್ನಿ. ಬ್ರೆಜಿಲಿನ ರಂಗಕರ್ಮಿ ಅಗಸ್ಟೊ ಬೋಲ್ 1970ರ ದಶಕದಲ್ಲಿ ರೂಪಿಸಿದ ಫೋರಂ ರಂಗಭೂಮಿಯ ಹೆಸರನ್ನು ಇಂಥ ಸಂದರ್ಭದಲ್ಲಿ ಎಲ್ಲರೂ ಎತ್ತುತ್ತಾರೆ. ಪಶ್ಚಿಮ ಬಂಗಾಳದಲ್ಲಿ 1985ರಲ್ಲಿ ಶುರುವಾದ ಸಂಜಯ್ ಗಂಗೂಲಿಯವರ ಜನಸಂಸ್ಕೃತಿ ತಂಡ ಹಳ್ಳಿಹಳ್ಳಿಗಳಲ್ಲಿ ಇದನ್ನು ಆಡಿಸುತ್ತ ಬಂದಿದೆ. ದೃಶ್ಯವೊಂದನ್ನು ಆಡುತ್ತಾರೆ, ಅದು ಕೆಟ್ಟದಾಗಿ ಮುಗಿಯುತ್ತದೆ. ಎರಡನೆಯ ಸಲ ಆಡುವಾಗ ಪ್ರೇಕ್ಷಕ ‘ನಿಲ್ಲಿಸಿ’ ಎಂದು ಎದ್ದು ಬಂದು ಪಾತ್ರವೊಂದರ ಜಾಗಕ್ಕೆ ನಿಂತು ಬೇರೆ ದಾರಿ ಹುಡುಕಬಹುದು. ಚೆಲುವಾದ ಪದ್ಧತಿ. ಆದರೆ ಅದರಲ್ಲಿ ಬದಲಿಯಾಗಿ ನಿಲ್ಲುವುದು ತುಳಿತಕ್ಕೆ ಸಿಕ್ಕಿದವನ ಜಾಗದಲ್ಲಿ, ತುಳಿಯುವವನ ಜಾಗದಲ್ಲಲ್ಲ. ಎರಡು ಗುಂಪಿನ ಹೊಡೆದಾಟವನ್ನು ಆ ಚೌಕಟ್ಟಿಗೆ ತುರುಕಿದರೆ ಮೊದಲ ಪ್ರಶ್ನೆಯೇ ತುಳಿತಕ್ಕೆ ಸಿಕ್ಕಿದವರು ಯಾರು ಎಂಬುದಾಗುತ್ತದೆ, ಅಲ್ಲಿಗೆ ಜಗಳ ಮತ್ತೆ ಶುರು. ಅದರ ಬದಲು ಎರಡೂ ಗುಂಪು ಒಂದೇ ಬದಿಗೆ ನಿಲ್ಲುವ ದೃಶ್ಯ ಆರಿಸಿ. ಗುತ್ತಿಗೆದಾರ ವಾರದ ಕೂಲಿ ಹಿಡಿದಿಟ್ಟುಕೊಂಡದ್ದು, ಮನೆಯ ಮಾಲೀಕ ಮುಂಗಡ ವಾಪಸು ಕೊಡದಿರುವುದು, ರಾತ್ರಿ ಪಾಳಿ ಮುಗಿಸಿ ಬರುವಾಗ ದಾರಿಯಲ್ಲಿ ತಡೆದು ಪ್ರಶ್ನಿಸುವುದು, ಇವೆಲ್ಲ ಇಬ್ಬರಿಗೂ ಆಗಿವೆ. ಒಡಿಯಾ ಹುಡುಗನ ಪಾತ್ರಕ್ಕೆ ಕನ್ನಡದ ಹುಡುಗ ಎದ್ದು ಬಂದು ನಿಂತ ಕ್ಷಣದಲ್ಲಿ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ.

ದೂರವೂ ಬೇಕು. ಮೈಸೂರಿನಲ್ಲಿ ರಂಗಾಯಣದ ಹುಲುಗಪ್ಪ ಕಟ್ಟೀಮನಿ ಜೈಲಿನ ಕೈದಿಗಳಿಂದ ನಾಟಕ ಆಡಿಸಿದಾಗ ಅವರಿಗೆ ಕೊಟ್ಟದ್ದು ಅವರವರ ಅಪರಾಧದ ಕಥೆಯನ್ನಲ್ಲ. ರಾಜರು, ಮಂತ್ರಿಗಳು, ಕೊಲೆ, ಪಶ್ಚಾತ್ತಾಪ ಇರುವ ದೊಡ್ಡ ನಾಟಕಗಳನ್ನು. ಬೇರೆಯವನ ಕಥೆಯ ಮರೆಯಲ್ಲಿ ನಿಂತಾಗಲೇ ಹುಡುಗ ತನ್ನ ನಿಜವನ್ನು ಹೇಳುತ್ತಾನೆ. ಅವನು ಯಾವ ನಿಜ ಹೇಳಿದ ಎಂದು ನೀವು ಬಿಚ್ಚಿ ಕೇಳಲು ಹೋಗಬೇಡಿ. ನೀವು ಚಿಕಿತ್ಸಕರಲ್ಲ, ನಾಟಕ ಚಿಕಿತ್ಸೆ ಬೇರೆಯೇ ತರಬೇತಿ ಬೇಕಾದ ವೃತ್ತಿ. ಹುಡುಗನೊಬ್ಬ ನಿದ್ದೆಗೆಟ್ಟಿದ್ದರೆ, ಸಾಯುವ ಮಾತಾಡಿದರೆ, ಸಣ್ಣ ಸದ್ದಿಗೂ ಬೆಚ್ಚಿದರೆ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೋ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೋ ದಾರಿ ತೋರಿಸಿ. ತಾಲೀಮಿನ ನಡುವೆ ಅಪ್ರಾಪ್ತ ವಯಸ್ಸಿನವರು ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಹೇಳಿಕೊಂಡರೆ ಪೊಕ್ಸೊ ಕಾಯ್ದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಗುಟ್ಟಾಗಿಡುತ್ತೇನೆ ಎಂಬ ಮಾತನ್ನು ಯಾರಿಗೂ ಮುಂಚಿತವಾಗಿ ಕೊಡಬೇಡಿ. 18 ತುಂಬದವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚಿದ್ದು ಗೊತ್ತಾದರೆ ಮಕ್ಕಳ ಸಹಾಯವಾಣಿ 1098 ಇದೆ.

ನಡೆಸುವವರು ಇಬ್ಬರಿರಲಿ, ಒಬ್ಬರು ಕನ್ನಡದವರು, ಇನ್ನೊಬ್ಬರು ಭೋಜಪುರಿ ಅಥವಾ ಒಡಿಯಾ ಬಲ್ಲವರು; ಇಬ್ಬರಿಗೂ ಒಂದೇ ಸಂಭಾವನೆ. ಗುಂಪು ಹದಿನೈದರ ಆಸುಪಾಸು ಇರಲಿ. ತಿಂಡಿ ಇರಲಿ, ಬೇಜಾರಾಗದಷ್ಟು. ಫೋನ್‌ಗಳು ಬಾಗಿಲ ಬಳಿಯ ಡಬ್ಬದಲ್ಲಿ. ಹುಡುಗಿಯರನ್ನು ಅಲಂಕಾರಕ್ಕೆ ಸೇರಿಸಬೇಡಿ. ‘ನಮ್ಮ ಹುಡುಗಿಯ ಜೊತೆ ಮಾತಾಡಿದ’ ಎಂಬುದೇ ಇಂಥ ಬಡಾವಣೆಗಳಲ್ಲಿ ಅರ್ಧ ಜಗಳಗಳ ಮೂಲ, ಆದ್ದರಿಂದ ಅವರ ಮಾತು ನಾಟಕದ ಕಥೆಯೊಳಗೇ ಬರಬೇಕು. ಮೊದಲ ಕೆಲವು ವಾರ ಅವರಿಗೆ ಪ್ರತ್ಯೇಕ ತಾಲೀಮು ಇದ್ದರೂ ಸರಿ. 19ರ ಆ ದೊಡ್ಡ ಹುಡುಗ, ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ, ಅವನನ್ನು ನಾಯಕನನ್ನಾಗಿ ಮಾಡಬೇಡಿ, ಹೊರಗೂ ಹಾಕಬೇಡಿ. ಅಧಿಕಾರವಲ್ಲ, ಕಸುಬು ಕೊಡಿ: ವಾದ್ಯ ಬಿಗಿಯುವುದು, ಬೆಳಕು, ಧ್ವನಿ. ತಾಲೀಮಿನಲ್ಲೇ ಕೈ ಮಿಲಾಯಿಸಿದರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲಲಿ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿ, ಪ್ರೇಕ್ಷಕರನ್ನು ಮೊದಲು ಚದುರಿಸಿ. ಮರುವಾರ ಇಬ್ಬರೂ ಬರಬೇಕು. ತೆಗೆದುಹಾಕುವುದು ಕೊನೆಯ ದಾರಿ, ಆಯುಧ ತಂದರೆ ಮಾತ್ರ ಮೊದಲ ದಾರಿ. ವಿಚಾರಣೆಯಲ್ಲಿರುವ ಇಬ್ಬರ ಬಗ್ಗೆ ಮಂಡಳಿಯ ಪರಿವೀಕ್ಷಣಾಧಿಕಾರಿಯ ಜೊತೆ ಮಾತಾಡಿ. ಗುಂಪು ಆಪ್ತಸಮಾಲೋಚನೆಗೆ, ಸಮುದಾಯ ಸೇವೆಗೆ ಕಳಿಸುವ ಅಧಿಕಾರ ಕಾಯ್ದೆಯ 18ನೇ ಕಲಮಿನಲ್ಲಿ ಮಂಡಳಿಗೆ ಇದೆ. ನಿಮ್ಮ ತಾಲೀಮು ಅದಕ್ಕೆ ಹೊಂದುತ್ತದೆಯೇ ಎಂದು ಅವರು ಹೇಳುತ್ತಾರೆ.

ಎಷ್ಟರಮಟ್ಟಿಗೆ ಫಲ ನಿರೀಕ್ಷಿಸಬಹುದು? ಇರಾಕಿನಲ್ಲಿ ಐಸಿಸ್ ದಾಳಿಯಿಂದ ನಿರಾಶ್ರಿತರಾದ ಕ್ರೈಸ್ತ ಯುವಕರ ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ ಸಂಶೋಧಕಿ ಸಲ್ಮಾ ಮೂಸಾ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಬೆರೆತು ಆಡಿದವರು ತಿಂಗಳುಗಳ ನಂತರವೂ ಮುಸ್ಲಿಮರ ಜೊತೆ ಅಭ್ಯಾಸಕ್ಕೆ ಹೋಗುತ್ತಿದ್ದರು. ಆದರೆ ಮೈದಾನದ ಹೊರಗೆ, ಅಪರಿಚಿತ ಮುಸ್ಲಿಮರ ನಡುವೆ ಬೆರೆಯುವ ವಿಷಯದಲ್ಲಿ ಹೆಚ್ಚು ಬದಲಾವಣೆ ಇರಲಿಲ್ಲ. ನನ್ನ ಅನುಭವವೂ ಇದನ್ನೇ ಹೇಳುತ್ತದೆ. ನಿಮ್ಮ ಹದಿನೈದು ಮಂದಿ ಗೆಳೆಯರಾಗಬಹುದು, ಬಡಾವಣೆ ಆಗುವುದಿಲ್ಲ. ಆದರೆ ಹದಿನೈದು ಮಂದಿಯಿಂದ ಆಗುವ ಒಂದು ಕೆಲಸವಿದೆ: ಮುಂದಿನ ಜಗಳದ ಸುದ್ದಿ ನಿಮಗೆ ಮುಂಚೆ ತಲುಪುತ್ತದೆ. ಚಪ್ಪಾಳೆಯನ್ನು ಅಳತೆಗೋಲು ಮಾಡಬೇಡಿ. ಚಹಾದ ಹೊತ್ತಿಗೆ ಯಾರು ಯಾರ ಪಕ್ಕ ಕೂರುತ್ತಾರೆ, ಒಬ್ಬ ಬಾರದಿದ್ದರೆ ಎದುರು ಗುಂಪಿನವನು ಫೋನ್ ಮಾಡಿ ಕೇಳುತ್ತಾನೆಯೇ, ಹೆಸರು ಹಿಡಿದು ಕರೆಯುತ್ತಾರೆಯೇ ಅಥವಾ ಇನ್ನೂ ‘ಆ ಬಿಹಾರಿ’ ಎನ್ನುತ್ತಾರೆಯೇ ಎಂದು ಗಮನಿಸಿ ಬರೆದಿಡಿ.

ಗೋಡೆಯ ವಿಷಯ ಉಳಿಯಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1984ರಲ್ಲಿ ಗೋಡೆಗೀಚುವವರನ್ನು ತಡೆಯುವ ಸರ್ಕಾರಿ ಯೋಜನೆಯಾಗಿ ಶುರುವಾದದ್ದನ್ನು ಜೇನ್ ಗೋಲ್ಡನ್ ಎಂಬ ಕಲಾವಿದೆ ಆ ಹುಡುಗರನ್ನೇ ಚಿತ್ರಕಾರರನ್ನಾಗಿ ತರಬೇತುಗೊಳಿಸುವ ದೊಡ್ಡ ಕಾರ್ಯಕ್ರಮವಾಗಿ ಬೆಳೆಸಿದರು. 1997ರಲ್ಲಿ ಅಲ್ಲಿಯ ಗ್ರೇಸ್ ಫೆರಿ ಬಡಾವಣೆಯಲ್ಲಿ ಬಿಳಿಯರು, ಕಪ್ಪು ಜನರ ನಡುವೆ ಗಲಭೆಯ ವಾತಾವರಣವಿದ್ದಾಗ ಒಂದರ ಮೇಲೊಂದು ಇಟ್ಟ ಕೈಗಳ ಚಿತ್ರ ಗೋಡೆಗೆ ಬಂತು. ಆ ಕಾರ್ಯಕ್ರಮದ ಪದ್ಧತಿಯಲ್ಲಿ ಬಣ್ಣಕ್ಕಿಂತ ಮೊದಲು ನೆರೆಹೊರೆಯವರ ಸಭೆಗಳು ನಡೆಯುತ್ತವೆ. ನಿಮ್ಮ ದಾನಿಗಳು ಮೊದಲೇ ವಿನ್ಯಾಸ ತಂದು ಒಂದು ಭಾನುವಾರ ಮುಗಿಸಬೇಕೆಂದಿದ್ದರೆ ಅದು ಅಂಥ ಕೆಲಸವಲ್ಲ. ಚಿತ್ರ ಬೇಕಿದ್ದರೆ ತಾಲೀಮು ಆರು ತಿಂಗಳು ನಡೆದ ಮೇಲೆ ಬರಲಿ. ಏನು ಬರೆಯಬೇಕೆಂದು ಹುಡುಗರು ಜಗಳವಾಡಲಿ, ‘ಏಕತೆ’ ಎಂಬ ಪದ ಗೋಡೆಯ ಮೇಲೆ ಬೇಡ ಎಂದು ಅವರು ಹೇಳಿದರೆ ಒಪ್ಪಿಕೊಳ್ಳಿ.

ದಾನಿಗಳಿಗೆ ಹೀಗೆ ಹೇಳಿ ನೋಡಿ: ಹಣದ ದೊಡ್ಡ ಪಾಲು ನಡೆಸುವ ಇಬ್ಬರ ಸಂಭಾವನೆಗೆ, ಉಳಿದದ್ದು ವಾದ್ಯಕ್ಕೆ, ತಿಂಡಿಗೆ, ಪಾಳಿ ಬಿಟ್ಟು ಬರುವ ಹುಡುಗರ ಬಸ್ ಚಾರ್ಜಿಗೆ, ಬಣ್ಣಕ್ಕೆ ಏನಾದರೂ ಉಳಿದರೆ ಮುಂದಿನ ವರ್ಷ ನೋಡೋಣ. ವಿಡಿಯೊ ಇಲ್ಲ, ಫಲಕದಲ್ಲಿ ಅವರ ಹೆಸರು ಇರಬಹುದು. ಒಪ್ಪಿದರೆ ಗಣೇಶನ ಹಬ್ಬಕ್ಕೆ ಕನಿಷ್ಠ ಐದು ತಿಂಗಳ ಮುಂಚೆ ಶುರು ಮಾಡಿ, ಹಬ್ಬ ಹತ್ತಿರವಾದಾಗಲ್ಲ. ಒಪ್ಪದಿದ್ದರೆ ಆ ಹಣ ಬಿಟ್ಟುಬಿಡಿ. ಬಕೆಟ್‌ಗಳು ನಿಮ್ಮ ಮನೆಗಳಲ್ಲೇ ಇವೆ, ತಮಟೆ ದಿನದ ಬಾಡಿಗೆಗೆ ಸಿಗುತ್ತದೆ.